ಜಳಕೋಟದ 'ಳ' ಮತ್ತು ನಮ್ಮ ಹುಡುಗರ ವೆಬ್‌ಸೈಟ್

ಮೊನ್ನೆ ಜಳಕೋಟದ ಒಂಬತ್ತನೇ ಇಯತ್ತೆ ಹುಡುಗನೊಬ್ಬ ಮೊಬೈಲ್ ಹಿಡ್ಕೊಂಡು ಬಂದ. "ಕಾಕಾ, ಸಾಲಿ ಪ್ರಾಜೆಕ್ಟ್. ನನ್ನದೇ ವೆಬ್‌ಸೈಟ್ ಮಾಡೀನಿ, ನೋಡ್ರಿ" ಅಂದ. ಹೆಸರು, ಊರು, ಕ್ರಿಕೆಟ್ ಹುಚ್ಚು, ಹೊಲದ ಫೋಟೋ ಎಲ್ಲಾ ಇತ್ತು. 'ಬರುವ ಭಾಷೆಗಳು' ಅನ್ನೋ ಕಡೆ ಮರಾಠಿ, ಹಿಂದಿ, ಇಂಗ್ಲಿಷ್. ಮನ್ಯಾಗ ಅವ್ವನ ಕೂಡ ದಿನಾ ಮಾತಾಡೋ ಭಾಷೆ ಅಲ್ಲಿ ಇರಲಿಲ್ಲ. ಯಾಕೋ ತಮ್ಮಾ ಅಂದ್ರ, "ಅದು ಸಾಲ್ಯಾಗ ಇಲ್ಲಲ್ಲ ಕಾಕಾ" ಅಂದ.

ಅವನದು ತಪ್ಪಲ್ಲ. ಸಂವಿಧಾನದ 350ಎ ವಿಧಿ ಸಹ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಬಗ್ಗೆಯೇ ಹೇಳುತ್ತದೆ, ಹೈಸ್ಕೂಲಿಗೆ ಬಂದ ಹುಡುಗನ ವಿಷಯಕ್ಕೆ ಸುಮ್ಮನಿದೆ. ಉದಗೀರ, ನಿಲಂಗಾ 1956ರ ನವೆಂಬರ್ 1ರ ತನಕ ಬೀದರ್ ಜಿಲ್ಲೆಯ ತಾಲೂಕುಗಳು. ಅದನ್ನು ಯಾರೂ ಅವನಿಗೆ ಹೇಳಿಲ್ಲ. ಆದರೆ ವೆಬ್‌ಸೈಟ್ ಅವನದು. ಅದರಾಗ ಏನು ಬರೀಬೇಕು ಅನ್ನೋದಕ್ಕೆ ಪಠ್ಯಪುಸ್ತಕ ಮಂಡಳಿಯ ಅಪ್ಪಣೆ ಬೇಕಾಗಿಲ್ಲ.

ಊರ ಹೆಸರನ್ನೇ ನೋಡ್ರಿ. ಇಂಗ್ಲಿಷಿನಲ್ಲಿ ಬರೆದರೆ 'ಳ' ಹೋಗಿ 'ಲ' ಆಗ್ತದ. ಅದನ್ನು ಮಷಿನ್ ತಿರುಗಿ ಕನ್ನಡಕ್ಕೆ ತಂದರೆ 'ಜಲ್ಕೋಟ್' ಅಂತ ಯಾವುದೋ ಊರು ಹುಟ್ಟುತ್ತದೆ. ಮರಾಠಿಯವರಿಗೂ ಕನ್ನಡದವರಿಗೂ 'ಳ' ಇದೆ, ಇಂಗ್ಲಿಷಿಗೆ ಇಲ್ಲ. ಯೂನಿಕೋಡ್‌ನಲ್ಲಿ ದೇವನಾಗರಿಗೆ 128 ಮನೆ, ಕನ್ನಡಕ್ಕೂ 128 ಮನೆ. ದೇವನಾಗರಿ 'ಳ' 52ನೇ ಮನೆಯಲ್ಲಿದ್ದರೆ ಕನ್ನಡದ 'ಳ' ಕೂಡ ತನ್ನ ಸಾಲಿನ 52ನೇ ಮನೆಯಲ್ಲೇ ಕೂತಿದೆ. ಕ, ಖ, ಗ, ಘ ಎಲ್ಲವೂ ಹಂಗ. ಮರಾಠಿ ಮಾಧ್ಯಮದಾಗ ಕಲಿತ ಹುಡುಗನಿಗೆ ನಮ್ಮ ಅಕ್ಷರ ಕಲಿಯೋದು ಅದಕ್ಕೇ ದೊಡ್ಡ ಕೆಲಸ ಅಲ್ಲ. ಅನುಕ್ರಮ ಆಗಲೇ ಬಾಯಿಪಾಠ ಇರ್ತದ, ಆಕಾರ ಹೊಸದು ಅಷ್ಟೇ.

"ಹಂಗಾದ್ರ ಕನ್ನಡ ಮಾತನ್ನ ದೇವನಾಗರಿಯಲ್ಲೇ ಬರೀತೀನಿ" ಅಂತ ಕೆಲವರು ಅಂತಾರ. ಬರೀರಿ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಮರಾಠಿ ಬರವಣಿಗೆಯಲ್ಲಿ ಹ್ರಸ್ವ 'ಎ', 'ಒ'ಗೆ ಬೇರೆ ಗುರುತಿಲ್ಲ. 'ನೀರು ಕೊಡು' ಅಂದದ್ದೂ ಎತ್ತಿನ 'ಕೋಡು' ಅಂದದ್ದೂ ಒಂದೇ ಆಗಿಬಿಡ್ತದ.

ಮಾಡೋ ರೀತಿಗೆ ಖರ್ಚಿಲ್ಲ. ಎಚ್‌ಟಿಎಂಎಲ್ ಬರೆಯೋಕೆ ನೋಟ್‌ಪ್ಯಾಡ್ ಸಾಕು, ಇಡೋಕೆ ಗಿಟ್‌ಹಬ್ ಪೇಜಸ್ ಪುಕ್ಕಟೆ, ನೋಟೊ ಕನ್ನಡ ಫಾಂಟ್ ಪುಕ್ಕಟೆ. ಅಕ್ಷರ ಸಂಕೇತ ಯುಟಿಎಫ್-8 ಅಂತ ಬರೀರಿ. ಪುಟದ ಭಾಷೆ 'ಕೆಎನ್' ಅಂತ ತಿಳಿಸ್ರಿ, ಅದರಿಂದ ಓದಿ ಹೇಳೋ ಸಾಫ್ಟ್‌ವೇರ್‌ಗೆ ಇದು ಕನ್ನಡ ಅಂತ ತಿಳೀತದ. ಒಂದು ಮಾತು ಮಾತ್ರ ನಾನು ಜಗಳ ಆಡಿಯಾದರೂ ಹೇಳ್ತೀನಿ: ಕನ್ನಡವನ್ನು ಫೋಟೋ ಮಾಡಿ ಹಾಕಬೇಡ್ರಿ. ನಮ್ಮ ಸಂಘಟನೆಗಳೇ ಈ ತಪ್ಪು ಮಾಡ್ತಾವ. ಚಂದದ ಬಣ್ಣದ ಪೋಸ್ಟರ್ ಹಾಕ್ತೀವಿ, ನಾಳೆ ಹುಡುಕಿದರೆ ಒಂದು ಅಕ್ಷರ ಸಿಗೋದಿಲ್ಲ. ಹಳೇ ನುಡಿ, ಬರಹ ಫಾಂಟಿನ ಫೈಲ್ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸ್ರಿ, ಇಲ್ಲಾಂದ್ರ ಬೇರೆಯವರ ಪರದೆ ಮ್ಯಾಲ ಬರೀ ಕಸ ಕಾಣ್ತದ.

ಮರಾಠಿ ಪುಟ ತೆಗೀರಿ ಅಂತ ನಾನು ಹೇಳ್ತಿಲ್ಲ. ಗುರುಗಳು ಮಾರ್ಕು ಕೊಡೋದು ಅದಕ್ಕೇ, ಗೆಳೆಯರು ಓದೋದೂ ಅದನ್ನೇ. ಅದರ ಪಕ್ಕ ಇನ್ನೊಂದು ಪುಟ ಮಾಡ್ರಿ. ಮನೆ ವಿಳಾಸ, ಫೋನ್ ನಂಬರ್ ಎರಡರಾಗೂ ಬೇಡ, ವಿಶೇಷವಾಗಿ ತಂಗಿಯರು ಇದನ್ನ ನೆನಪಿಡ್ರಿ. ಕನ್ನಡ ಪುಟದಾಗ 'ನನ್ನ ಹವ್ಯಾಸಗಳು' ಅಂತ ಮತ್ತೆ ಅದನ್ನೇ ಅನುವಾದ ಮಾಡಿದರೆ ಬ್ಯಾಸರ. ನಿಮ್ಮ ಮುತ್ಯಾ ರಾಶಿ ಮಾಡುವಾಗ ಆಡೋ ಮಾತು, ಆಯಿ ರೊಟ್ಟಿ ಬಡಿಯುವಾಗ ಆಡೋ ಮಾತು ಬರೀರಿ. ಬೆಂಗಳೂರಿನವರ ಪುಸ್ತಕದ ಕನ್ನಡದಾಗ ಆ ಮಾತು ಸಿಗೋದಿಲ್ಲ. ಶುದ್ಧ ಇಲ್ಲ ಅಂತ ಯಾರಾದರೂ ನಕ್ಕರೆ ನಗಲಿ.

ನಮ್ಮ ಹುಡುಗ ಸೋಮವಾರ ಪ್ರಾಜೆಕ್ಟ್ ಕೊಡಬೇಕಂತ. ಭಾಷೆಗಳ ಸಾಲು ತಿದ್ದಿದಾನೆ. ಈಗ ಆಯಿ ಮುಂದ ಕೂತು ಮಳೆ ಹೆಸರು ಟೈಪ್ ಮಾಡ್ಲಿಕ್ಕತ್ಯಾನ. ರೋಹಿಣಿ, ಮಿರಗ ಆಗ್ಯಾವ, ಆರಿದ್ರಾಕ್ಕ ಬಂದಾನ.