ಸರ್ಪಸುತ್ತು: ಮೊದಲ ಮೂರು ದಿನ ಕಳೆದುಕೊಳ್ಳಬೇಡಿ

ನವಲಗುಂದದಲ್ಲಿ ಜಮಖಾನ ನೇಯುವ ನಮ್ಮ ಹಿರಿಯ ಹೆಂಗಸರಿಗೆ ಬೆನ್ನು, ಪಕ್ಕೆ ನೋಯುವುದು ಹೊಸದೇನಲ್ಲ. ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾರೆ. ಆದರೆ ನೋವು ಒಂದೇ ಬದಿಗಿದ್ದು, ಬೆಂಕಿ ತಗುಲಿದಂತೆ ಉರಿದು, ಕೆಲವು ದಿನಗಳಲ್ಲಿ ಅಲ್ಲೇ ನೀರುಗುಳ್ಳೆಗಳು ಪಟ್ಟಿಯಂತೆ ಎದ್ದರೆ ಅದು ಮಗ್ಗದ ನೋವಲ್ಲ, ಸರ್ಪಸುತ್ತು.

ಇದಕ್ಕೂ ಹಾವಿಗೂ ಸಂಬಂಧವಿಲ್ಲ. ಬಾಲ್ಯದಲ್ಲಿ ಬಂದುಹೋದ ಚಿಕನ್‌ಪಾಕ್ಸ್‌ನ ವೈರಸ್ ನರಗಳ ಬುಡದಲ್ಲಿ ಅಡಗಿ ಕುಳಿತಿರುತ್ತದೆ. ವಯಸ್ಸಾಗಿಯೋ ಬೇರೆ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಂದಿದಾಗ ಆ ನರದ ಹಾದಿಯಲ್ಲೇ ಮತ್ತೆ ಹೊರಬರುತ್ತದೆ. ‘ತಲೆ, ಬಾಲ ಕೂಡಿದರೆ ಜೀವಕ್ಕೆ ಅಪಾಯ’ ಎಂಬ ಮಾತು ಸುಳ್ಳು. ನಿಜವಾದ ಅಪಾಯ ಬೇರೆ ಇದೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನರದ ಉರಿ ಉಳಿಯುತ್ತದೆ. ಮೈಗೆ ಬಟ್ಟೆ ತಾಗಿದರೂ ಸಹಿಸಲಾಗದು. ಹಣೆ, ಕಣ್ಣಿನ ಸುತ್ತ ಗುಳ್ಳೆ ಎದ್ದರೆ ದೃಷ್ಟಿಗೇ ಕುತ್ತು.

ವೈರಸ್ ತಡೆಯುವ ಮಾತ್ರೆಗಳು ಗುಳ್ಳೆ ಎದ್ದ 72 ಗಂಟೆಗಳ ಒಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತವೆ. ಆ ಮೂರು ದಿನಗಳನ್ನು ನಾವು ಕೆಮ್ಮಣ್ಣು ಹಚ್ಚುವುದರಲ್ಲಿ, ತಾವೀಜು ಕಟ್ಟಿಸುವುದರಲ್ಲಿ ಕಳೆಯುತ್ತೇವೆ. ದುಆ ಮಾಡಿ, ಖಂಡಿತ ಮಾಡಿ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ನಮ್ಮ ಪ್ರವಾದಿಯವರೇ(ಸ). ಅದೇ ದಿನ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಗುಳ್ಳೆ ಒಣಗುವವರೆಗೆ ಅವನ್ನು ಮುಚ್ಚಿಡಿ. ಚಿಕನ್‌ಪಾಕ್ಸ್ ಬಾರದ ಗರ್ಭಿಣಿಯರು, ಹಸುಗೂಸುಗಳು ದೂರವಿರಲಿ.

ಇನ್ನು ಲಸಿಕೆಯ ಮಾತು. 50 ದಾಟಿದವರಿಗಾಗಿ ಶಿಂಗ್ರಿಕ್ಸ್ ಲಸಿಕೆ 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಇದರಲ್ಲಿ ಜೀವಂತ ವೈರಸ್ ಇಲ್ಲ. ಒಮ್ಮೆ ಸರ್ಪಸುತ್ತು ಬಂದು ವಾಸಿಯಾದವರೂ ಹಾಕಿಸಿಕೊಳ್ಳಬಹುದು. ಒಂದೆರಡು ದಿನ ತೋಳುನೋವು, ಜ್ವರ ಬರಬಹುದು. ಹಜ್‌ಗೆ ಹೊರಡುವಾಗ ಮೆನಿಂಜೈಟಿಸ್ ಲಸಿಕೆಗೆ ತೋಳು ಒಡ್ಡುವ ನಾವು ಇದಕ್ಕೇಕೆ ಹಿಂಜರಿಯಬೇಕು?

ಹಿಂಜರಿಕೆಗೆ ಕಾರಣ ಬೆಲೆ. ಒಂದು ಡೋಸಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಸರಕಾರದ ಉಚಿತ ಪಟ್ಟಿಯಲ್ಲಿ ಇಲ್ಲ. ಕೂಲಿ ಮಾಡುವ ಮನೆಯವರಿಗೆ ಸಾಲ ಮಾಡಿ ಹಾಕಿಸಿ ಎಂದು ನಾನು ಹೇಳಲಾರೆ. ಅವರಿಗೆ ಆ ಮೂರು ದಿನಗಳ ಎಚ್ಚರವೇ ದೊಡ್ಡ ರಕ್ಷೆ. ಆದರೆ ಮದುವೆಯ ಒಂದು ಹೊತ್ತಿನ ದಾವತ್‌ಗೆ ಲಕ್ಷ ಸುರಿಯುವ ಮನೆಗಳೂ ನಮ್ಮಲ್ಲಿವೆ. ಅಂಥವರು, ಕೊಲ್ಲಿ ದೇಶದಲ್ಲಿ ದುಡಿಯುವ ಮಕ್ಕಳು, ಅಮ್ಮಿ ಅಬ್ಬಾರಿಗಾಗಿ ವೈದ್ಯರ ಸಲಹೆ ಕೇಳಬೇಕು. ಶುಗರ್ ಇರುವ ಹಿರಿಯರಿದ್ದರೆ ಮೊದಲು ಕೇಳಬೇಕು.

ಈ ಜುಮಾ ಮುಗಿಸಿ ಮನೆಗೆ ಹೋದಾಗ ದಾದಿಯನ್ನು ಒಂದು ಮಾತು ಕೇಳಿ: ‘ಮೈಯಲ್ಲಿ ಎಲ್ಲಾದರೂ ಉರಿಯುತ್ತಿದೆಯೇ?’ ನಮ್ಮ ಹಿರಿಯರು ತಾವಾಗಿ ಹೇಳುವವರಲ್ಲ.