ನಡೆಯುವವರ ಪಾಲು

ಮಹಾನಗರವೆಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಮುಗಿಲು ಮುಟ್ಟುವ ಕಟ್ಟಡಗಳು, ದೀಪಗಳ ಸಾಲು, ಒಂದರ ಹಿಂದೊಂದು ಸಾಗುವ ವಾಹನಗಳು. ನಗರದ ಹಿರಿಮೆಯನ್ನು ಇವುಗಳಿಂದ ಅಳೆಯುವುದು ರೂಢಿ. ನನಗೆ ಈ ಅಳತೆಗೋಲಿನಲ್ಲಿ ನಂಬಿಕೆಯಿಲ್ಲ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತು ಆ ಊರಿಗೆ ಹೊಸದಾಗಿ ಬಂದಿಳಿದ ಹೆಣ್ಣುಮಗಳೊಬ್ಬಳು ಯಾರ ಬೈಗುಳಕ್ಕೂ ಗುರಿಯಾಗದೆ, ಜೀವವನ್ನು ಕೈಯಲ್ಲಿ ಹಿಡಿದುಕೊಳ್ಳದೆ, ರಸ್ತೆಯನ್ನು ದಾಟಬಲ್ಲಳೇ? ದಾಟಬಲ್ಲಳಾದರೆ ಅದು ಒಳ್ಳೆಯ ನಗರ. ದಾಟಲಾರಳಾದರೆ ಅಲ್ಲಿ ಎಷ್ಟು ಮೇಲ್ಸೇತುವೆಗಳಿದ್ದರೂ ಏನು ಪ್ರಯೋಜನ?

ಆ ಹೆಣ್ಣುಮಗಳು ಎಲ್ಲಿಂದ ಬಂದವಳು? ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ಆ ಹೆದ್ದಾರಿ ಮುಂದೆ ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆಗಳನ್ನು ಹಾಯ್ದು ಹಿರಿಯೂರಿನಲ್ಲಿ ಬೆಂಗಳೂರಿನ ದಾರಿಯನ್ನು ಸೇರುತ್ತದೆ. ಸುಮಾರು ನಾನೂರು ಕಿಲೋಮೀಟರುಗಳ ಪಯಣ. ಸಂಜೆ ಬಸ್ಸು ಹತ್ತಿದವರು ಮರುದಿನ ಬೆಳಕು ಹರಿಯುವ ಹೊತ್ತಿಗೆ ರಾಜಧಾನಿಯಲ್ಲಿರುತ್ತಾರೆ. ಕೃಷ್ಣಾ, ತುಂಗಭದ್ರಾ ಎಂಬ ಎರಡು ಹೊಳೆಗಳ ನಡುವಿನ ಈ ನಾಡಿನಲ್ಲಿ ಎಲ್ಲರ ಹೊಲಕ್ಕೂ ನೀರಿಲ್ಲವೆಂಬುದು ವಿಚಿತ್ರವಾದರೂ ನಿಜ. ಕಾಲುವೆ ಹಾಯ್ದ ಸಿಂಧನೂರಿನ ಬಯಲಿನಲ್ಲಿ ಬತ್ತದ ಗದ್ದೆಗಳು ನಳನಳಿಸುತ್ತಿರುವಾಗಲೇ ಮಸ್ಕಿ, ಲಿಂಗಸುಗೂರುಗಳ ಎಷ್ಟೋ ಒಣಭೂಮಿಗಳು ಮುಗಿಲನ್ನೇ ನೋಡುತ್ತಿರುತ್ತವೆ. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಸಜ್ಜೆ ಜೋಳಗಳ ಚೀಲ, ಕಟಕ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಗುಳೆ ಹೊರಡುತ್ತವೆ. ಮುದುಕರೂ ಶಾಲೆಗೆ ಹೋಗುವ ಮಕ್ಕಳೂ ಊರಿನಲ್ಲಿ ಉಳಿಯುತ್ತಾರೆ. ಕೆಲವೊಮ್ಮೆ ಆ ಮಕ್ಕಳೂ ಶಾಲೆ ಬಿಟ್ಟು ಜೊತೆಗೆ ನಡೆಯುತ್ತಾರೆ. ನಿಮ್ಮ ತರಗತಿಯಲ್ಲಿಯೇ ಅಂಥ ಸಹಪಾಠಿಗಳಿರಬಹುದು.

ಬೆಂಗಳೂರಿನ ಗೋಡೆಗಳಿಗೆ ಗಾರೆ ಕಲಸಿದವರಲ್ಲಿ, ಅಲ್ಲಿಯ ರಸ್ತೆಗಳಿಗೆ ಜಲ್ಲಿ ಹಾಸಿದವರಲ್ಲಿ ಈ ಸೀಮೆಯ ಜನರ ಪಾಲು ಸಣ್ಣದಲ್ಲ. ಆದರೆ ತಾವೇ ಹಾಸಿದ ರಸ್ತೆಯಲ್ಲಿ ನಡೆಯಲು ಅವರಿಗೆ ಎಡೆ ದೊರೆಯುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಹೊಸಬರು ಮೊದಲು ಕಾಲಿಡುವ ತಾಣ ಮೆಜೆಸ್ಟಿಕ್. ಇಂದು ಕೆಂಪೇಗೌಡ ಬಸ್ ನಿಲ್ದಾಣವಿರುವ ಆ ತಗ್ಗು ಪ್ರದೇಶವು ಹಿಂದೆ ಧರ್ಮಾಂಬುಧಿ ಎಂಬ ಕೆರೆಯ ಅಂಗಳವಾಗಿತ್ತು. ನೀರು ನಿಂತಿದ್ದ ಕಡೆ ಈಗ ಜನ ತುಂಬಿ ನಿಂತಿದ್ದಾರೆ. ಅಲ್ಲಿ ಇಳಿದವರು ಮೊದಲು ಕಲಿಯಬೇಕಾದುದು ಅಂಕಿಗಳ ಭಾಷೆಯನ್ನು. ಸಿಂಧನೂರಿನಲ್ಲಿ ಬಸ್ಸಿಗೆ ಊರಿನ ಹೆಸರೇ ಹೆಸರು. ಬೆಂಗಳೂರಿನ ನಗರ ಸಾರಿಗೆಯಲ್ಲಿ ಬಸ್ಸಿಗೆ ಸಂಖ್ಯೆಯೇ ಹೆಸರು. 335ಇ ಎಂದರೆ ವೈಟ್‌ಫೀಲ್ಡಿನ ಕಡೆ, 500ರ ಸಾಲಿನವು ಬಹುಮಟ್ಟಿಗೆ ಹೊರವರ್ತುಲ ರಸ್ತೆಯವು ಎಂಬುದನ್ನು ತಿಳಿಯಲು ಅಕ್ಷರಸ್ಥರಿಗೂ ನಾಲ್ಕು ದಿನ ಬೇಕು. ಓದಲು ಬಾರದವರು ಏನು ಮಾಡಬೇಕು? ಕೇಳಬೇಕು. “ಈ ಬಸ್ಸು ಎಲ್ಲಿಗಿ ಹೋಗತೈತ್ರಿ?” ಎಂದು ಮಸ್ಕಿಯ ಹೆಣ್ಣುಮಗಳು ಕೇಳುತ್ತಾಳೆ. ಆ ಮಾತಿನ ತುದಿಯಲ್ಲಿರುವ ‘ರಿ’ ಎಂಬುದು ಅವಳ ಸೀಮೆಯ ಮರ್ಯಾದೆ. ಒಳ್ಳೆಯ ನಿರ್ವಾಹಕನಾದರೆ “ವೈಟ್‌ಫೀಲ್ಡಿಗಮ್ಮಾ, ಹತ್ತಿ” ಎನ್ನುತ್ತಾನೆ. ಅಂಥವರು ಬೇಕಾದಷ್ಟು ಜನರಿದ್ದಾರೆ. ಮಹಾನಗರದಲ್ಲಿ ಕರುಣೆಯೇ ಇಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕೊರತೆಯಾಗಿರುವುದು ಕರುಣೆಯಲ್ಲ, ಜಾಗ.

ಬಸ್ಸಿನಿಂದ ಇಳಿದ ಮೇಲೆ ಆಕೆ ನಡೆಯಬೇಕು. ಕಾಲುದಾರಿ ಎಂಬ ಹೆಸರಿನದೊಂದು ಅಲ್ಲಿ ಉಂಟು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅದರ ಮೇಲೆ ವಿದ್ಯುತ್ ಪೆಟ್ಟಿಗೆಯೊಂದು ಕುಳಿತಿರುತ್ತದೆ. ಮತ್ತೆ ಹತ್ತು ಹೆಜ್ಜೆಗೆ ಬಾಯ್ದೆರೆದ ಚರಂಡಿ, ಆಮೇಲೆ ಸಾಲಾಗಿ ನಿಲ್ಲಿಸಿದ ಮೋಟಾರು ಸೈಕಲ್ಲುಗಳು, ಯಾರೋ ಮನೆ ಕಟ್ಟಿಸಲು ಸುರಿದ ಮರಳಿನ ಗುಡ್ಡೆ. ರಸ್ತೆಯಲ್ಲಿ ವಾಹನಗಳು ಒತ್ತೊತ್ತಾಗಿ ನಿಂತಾಗ ಕೆಲವರು ತಮ್ಮ ಬೈಕುಗಳನ್ನು ಕಾಲುದಾರಿಯ ಮೇಲೆಯೇ ಹತ್ತಿಸಿ, ನಡೆಯುವವರಿಗೆ ಹಾರ್ನು ಹೊಡೆಯುತ್ತಾರೆ! ಹೀಗಾಗಿ ಆಕೆ ಕೆಳಗಿಳಿದು ವಾಹನಗಳ ನಡುವೆಯೇ ಸಾಗಬೇಕಾಗುತ್ತದೆ. ಬೀದಿ ವ್ಯಾಪಾರಿಗಳಿಂದಲೇ ಈ ಅಡಚಣೆಯೆಂದು ದೂರುವವರಿದ್ದಾರೆ. ಹೂವು, ಹಣ್ಣು, ಚಹಾ ಮಾರುವವರು ನಡೆಯುವವರನ್ನು ನಂಬಿ ಬದುಕುವವರು, ನಡೆಯುವವರಿಗೂ ಅವರಿಂದ ಉಪಕಾರವುಂಟು. ಅವರಿಗೆ ತಕ್ಕ ಸ್ಥಳವನ್ನು ಗೊತ್ತುಮಾಡಿಕೊಡಲು 2014ರ ಕಾಯ್ದೆಯೇ ಇದೆ. ನಿಂತ ಕಾರಿಗೆ ಜಾಗ ಕೊಟ್ಟು ಹೂವಿನ ಬುಟ್ಟಿಯನ್ನು ಎತ್ತಿಸುವುದು ನ್ಯಾಯವಲ್ಲ.

ರಸ್ತೆ ದಾಟಲು ಕೆಲವು ಕಡೆ ಎತ್ತರದ ಪಾದಚಾರಿ ಸೇತುವೆಗಳನ್ನು ಕಟ್ಟಿದ್ದಾರೆ. ಇದನ್ನೂ ಸ್ವಲ್ಪ ಯೋಚಿಸಿ ನೋಡಿ. ಕುಳಿತು ಸಾಗುವವನು ಅರ್ಧ ನಿಮಿಷ ನಿಲ್ಲಬಾರದೆಂದು, ದಣಿದು ನಡೆಯುವವರು ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಮೆಟ್ಟಿಲು ಇಳಿಯಬೇಕು. ಹೆದ್ದಾರಿಯ ಮೇಲೆ ಇದು ಅನಿವಾರ್ಯವಿರಬಹುದು. ಊರಿನ ನಡುವೆ ಇದು ಸೌಕರ್ಯವೆಂದು ನನಗೆ ತೋರುವುದಿಲ್ಲ.

ಇದಕ್ಕೆಲ್ಲ ರಸ್ತೆಗಳನ್ನು ಅಗಲಗೊಳಿಸುವುದೇ ಪರಿಹಾರವೆಂದು ಹೇಳುವುದುಂಟು. ನಮ್ಮ ಭಾಗದ ಮಕ್ಕಳಿಗೆ ಇದರ ಉತ್ತರ ಸುಲಭವಾಗಿ ತಿಳಿಯಬೇಕು, ಏಕೆಂದರೆ ಅವರು ಕಾಲುವೆಯನ್ನು ಬಲ್ಲವರು. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ತೋಡಿದಾಗ ಆ ನೀರು ಬಹುಪಾಲು ಜೋಳ, ಹತ್ತಿ, ಶೇಂಗಾಗಳಂಥ ಕಡಿಮೆ ನೀರಿನ ಬೆಳೆಗಳಿಗೆ, ಸಾಧ್ಯವಾದಷ್ಟು ಹೆಚ್ಚು ರೈತರಿಗೆ ಒದಗಲಿ ಎಂಬುದು ಉದ್ದೇಶವಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಬತ್ತದ ಬೆಳೆ ಹಬ್ಬಿತು. ಬತ್ತಕ್ಕೆ ಎಷ್ಟು ನೀರಿದ್ದರೂ ಬೇಕು. ಕೊನೆ ಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರು ವರ್ಷ ವರ್ಷವೂ ನೀರಿಗಾಗಿ ಕೂಗಿಡುವಂತಾಯಿತು. ಕಾಲುವೆಗೆ ಇನ್ನಷ್ಟು ನೀರು ಬಿಟ್ಟರೆ ಏನಾಗುತ್ತದೆ? ಮೇಲ್ಭಾಗದಲ್ಲಿ ಇನ್ನಷ್ಟು ಗದ್ದೆಗಳು ಏಳುತ್ತವೆ. ರಸ್ತೆಯ ಕಥೆಯೂ ಇದೇ. ಅಗಲಗೊಳಿಸಿದಷ್ಟೂ ಹೊಸ ವಾಹನಗಳು ಬಂದು ತುಂಬಿಕೊಳ್ಳುತ್ತವೆ. ಸಾರಿಗೆಯನ್ನು ಅಧ್ಯಯನ ಮಾಡಿದವರು ಲೋಕದ ಅನೇಕ ನಗರಗಳಲ್ಲಿ ಇದನ್ನು ಕಂಡುಕೊಂಡಿದ್ದಾರೆ. ಕಾರಿನವನು ರಸ್ತೆಯ ಮೇಲ್ಭಾಗದ ರೈತ, ಪಾದಚಾರಿಯು ಕೊನೆ ಭಾಗದ ರೈತ. ಒಬ್ಬನು ಕೆಟ್ಟವನು, ಒಬ್ಬನು ಒಳ್ಳೆಯವನು ಎಂದಲ್ಲ. ಹಂಚಿಕೆಯ ನಿಯಮ ಸಡಿಲವಾದರೆ ಮೊದಲು ಕೈಗೆಟುಕಿದವನು ಬಾಚಿಕೊಳ್ಳುತ್ತಾನೆ, ಅಷ್ಟೇ.

ಹಂಚಿಕೆಯ ಲೆಕ್ಕವನ್ನು ತೆಗೆದು ನೋಡಿದರೆ ಬಸ್ಸಿನ ಬೆಲೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಅವುಗಳ ನಡುವೆ ನಗರ ಸಾರಿಗೆಯ ಬಸ್ಸುಗಳು ಸುಮಾರು ಏಳು ಸಾವಿರ ಮಾತ್ರ. ಈ ಏಳು ಸಾವಿರ ಬಸ್ಸುಗಳು ದಿನವೊಂದಕ್ಕೆ ನಲವತ್ತು ಲಕ್ಷಕ್ಕೂ ಮಿಕ್ಕ ಪಯಣಗಳನ್ನು ಹೊರುತ್ತವೆ. ಎರಡು ಮೂರು ಕಾರುಗಳು ನಿಲ್ಲುವ ಜಾಗದಲ್ಲಿ ಒಂದು ಬಸ್ಸು ಐವತ್ತು ಅರವತ್ತು ಜನರನ್ನು ಕೂರಿಸಿ ನಿಲ್ಲಿಸಿ ಕೊಂಡೊಯ್ಯುತ್ತದೆ. ಆದರೂ ಆ ಅರವತ್ತು ಜನರ ಬಸ್ಸು ಒಬ್ಬನೇ ಕುಳಿತ ಕಾರಿನ ಹಿಂದೆ ಕಾಯುತ್ತಾ ನಿಂತಿರುತ್ತದೆ. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯ ಒಂದು ಪಟ್ಟಿಯನ್ನು ಬಸ್ಸಿಗೆಂದೇ ಬಿಟ್ಟುಕೊಟ್ಟು ನೋಡಿದರು. ಬಸ್ಸುಗಳು ಚುರುಕಾಗಿ ಓಡಿದವು. ಮೆಟ್ರೊ ಕಾಮಗಾರಿ ಆರಂಭವಾದ ಮೇಲೆ ಆ ಪಟ್ಟಿ ಉಳಿಯಲಿಲ್ಲ. ಕೊಲಂಬಿಯ ದೇಶದ ಬೊಗೋಟಾ ನಗರವು 2000ದಿಂದ ದೊಡ್ಡ ರಸ್ತೆಗಳ ನಡುಭಾಗವನ್ನೇ ಬಸ್ಸಿಗೆ ಮೀಸಲಿಟ್ಟಿದೆ. ಅದು ನಮಗಿಂತ ಸಿರಿವಂತವಾದ ಯೂರೋಪಿನ ನಗರವೇನಲ್ಲ.

ಮೆಟ್ರೊ ರೈಲನ್ನು ನಾನು ಹಳಿಯುವವನಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡತೊಡಗಿದ ಅದು 2023ರಲ್ಲಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೂ, 2025ರಲ್ಲಿ ಬೊಮ್ಮಸಂದ್ರದವರೆಗೂ ಹಬ್ಬಿತು. ಅದರ ವೇಗ, ಅಚ್ಚುಕಟ್ಟು ಮೆಚ್ಚತಕ್ಕವು. ಆದರೆ 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರವು 60 ರೂಪಾಯಿಗಳಿಂದ 90ಕ್ಕೆ ಏರಿತು. ದಿನವೂ ಹೋಗಿ ಬರಬೇಕಾದ ಕೂಲಿಕಾರನ ಲೆಕ್ಕ ಬೇರೆಯದು. ನಿಲ್ದಾಣಕ್ಕೆ ತಲುಪಲೂ ಮೊದಲು ನಡೆಯಬೇಕಲ್ಲವೇ? ಇದಕ್ಕೆ ಹೋಲಿಸಿದರೆ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಬಡ ಹೆಂಗಸರ ಓಡಾಟವನ್ನು ನೇರವಾಗಿ ಮುಟ್ಟಿತು. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಬಸ್ಸುಗಳು ಕಿಕ್ಕಿರಿದವೆಂದು ಗೊಣಗುವವರಿಗೆ ನಾನು ಹೇಳುವುದಿಷ್ಟೆ: ಅಷ್ಟೊಂದು ಹೆಂಗಸರು ಆವರೆಗೆ ಹೊರಡಲಾರದೆಯೋ ನಡೆದೇ ಹೋಗುತ್ತಲೋ ಇದ್ದರು. ಬಸ್ಸುಗಳನ್ನು ಹೆಚ್ಚಿಸಬೇಕೇ ಹೊರತು ಹತ್ತುವವರನ್ನು ಕಡಿಮೆ ಮಾಡಬಾರದು.

ನಡೆಯುವವರನ್ನು ಮೊದಲು ನೆನೆಯುವುದು ಈ ನೆಲಕ್ಕೆ ಹೊಸ ವಿಚಾರವಲ್ಲ. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನು ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಒಂದು ಶಾಸನವನ್ನು ಕಂಡನು. ಬೇರೆಡೆಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದಷ್ಟೇ ಕರೆದುಕೊಂಡಿದ್ದ ದೊರೆಯು ಅಶೋಕನೇ ಎಂಬುದು ಆ ಬಂಡೆಯ ಮೇಲಿದ್ದ ಹೆಸರಿನಿಂದ ದೃಢವಾಯಿತು. ಅದೇ ದೊರೆಯ ದೆಹಲಿಯ ಸ್ತಂಭಶಾಸನವೊಂದರಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದ, ಬಾವಿಗಳನ್ನು ತೋಡಿಸಿದ, ತಂಗುದಾಣಗಳನ್ನು ಕಟ್ಟಿಸಿದ ಮಾತು ಬರುತ್ತದೆ. ರಥಗಳು ವೇಗವಾಗಿ ಓಡಲೆಂದು ದಾರಿ ಮಾಡಿಸಿದೆನೆಂದು ಅವನು ಹೇಳಿಕೊಳ್ಳಲಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತಿದು. ನಮ್ಮ ಕಾಲದಲ್ಲಿಯೂ, 2025ರ ಮೇ ತಿಂಗಳಲ್ಲಿ, ಸುಗಮವಾದ ಕಾಲುದಾರಿಯನ್ನು ಹೊಂದುವುದು ಸಂವಿಧಾನದ 21ನೆಯ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಹಣವಿಲ್ಲ, ಜಾಗವಿಲ್ಲ ಎಂಬ ಆಕ್ಷೇಪಗಳು ಬರುತ್ತವೆ. ಬೆಂಗಳೂರಿನಲ್ಲೇ ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ ಮುಂತಾದ ಕೆಲವು ಬೀದಿಗಳಲ್ಲಿ 2015ರ ಸುಮಾರಿಗೆ ಕೊಳವೆ, ತಂತಿಗಳನ್ನೆಲ್ಲ ನೆಲದಡಿಗೆ ಇಳಿಸಿ ವಿಶಾಲವಾದ ಕಾಲುದಾರಿಗಳನ್ನು ನಿರ್ಮಿಸಿದರು. ಅಲ್ಲಿ ಈಗ ಮುದುಕರೂ ಮಕ್ಕಳೂ ನಿಶ್ಚಿಂತೆಯಿಂದ ನಡೆಯುತ್ತಾರೆ. ಮಾಡಲು ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅವು ದೊಡ್ಡ ಅಂಗಡಿಗಳ, ಕಚೇರಿಗಳ ಬೀದಿಗಳು. ಕೂಲಿಯವರ ತಗಡಿನ ಶೆಡ್ಡುಗಳಿರುವ ಹೊರವಲಯಕ್ಕೆ ಆ ಭಾಗ್ಯ ಎಂದು ಬರುವುದೋ!

ಬೆಂಗಳೂರಿನ ಮಾತು ಬೆಂಗಳೂರಿಗೆ ಇರಲಿ ಎಂದು ನೀವು ಅನ್ನಬಹುದು. ಹಾಗೆ ಬಿಡುವಂತಿಲ್ಲ. ಸಿಂಧನೂರು ಈಗ ನಗರಸಭೆಯ ಊರು. 2024ರಲ್ಲಿ ಅದಕ್ಕೆ ರೈಲೂ ಬಂದಿತು. ಬತ್ತದ ವ್ಯಾಪಾರ, ಅಕ್ಕಿ ಗಿರಣಿಗಳು, ಟ್ರ್ಯಾಕ್ಟರು ಮಾರುವ ಮಳಿಗೆಗಳು, ಸುತ್ತಲಿನ ಕ್ಯಾಂಪುಗಳಿಂದ ಬಂದುಹೋಗುವ ಜನ, ಇವೆಲ್ಲ ಸೇರಿ ಅದು ದಿನದಿನಕ್ಕೆ ಬೆಳೆಯುತ್ತಿದೆ. ಲಿಂಗಸುಗೂರೂ ಹಾಗೆಯೇ. ಮಸ್ಕಿಯು ತಾಲ್ಲೂಕು ಕೇಂದ್ರವಾದ ಮೇಲೆ ಹೆದ್ದಾರಿಯ ಎರಡು ಬದಿಗೂ ಚಾಚಿಕೊಳ್ಳುತ್ತಿದೆ. ಲಾರಿ, ಟಂಟಂ, ಟ್ರ್ಯಾಕ್ಟರುಗಳ ನಡುವೆಯೇ ಶಾಲೆಯ ಮಕ್ಕಳು ಚೀಲ ಹೊತ್ತು ರಸ್ತೆ ದಾಟುತ್ತಾರೆ. ಇಲ್ಲಿಯ ಹೊಸ ಬಡಾವಣೆಗಳಲ್ಲಿ ಇನ್ನೂ ಎಷ್ಟೋ ನಿವೇಶನಗಳು ಖಾಲಿಯಿವೆ, ಗೋಡೆಗಳು ಎದ್ದಿಲ್ಲ. ನಮ್ಮ ದೇಶದ ರಸ್ತೆ ನಿರ್ಮಾಣದ ಮಾನದಂಡವು ಕಾಲುದಾರಿಗೆ ಬೇಕೆಂದು ಹೇಳುವ ಕನಿಷ್ಠ ಅಗಲ 1.8 ಮೀಟರು, ಎಂದರೆ ಸುಮಾರು ಆರು ಅಡಿ. ಗೋಡೆ ಏಳುವ ಮುನ್ನ ಆ ಆರು ಅಡಿಯನ್ನು ಬಿಡಿಸಲು ಪುರಸಭೆಗೆ ಒಂದು ನೂಲು, ನಾಲ್ಕು ಗೂಟಗಳು ಸಾಕು. ಗೋಡೆ ಎದ್ದ ಮೇಲೆ ನೋಟಿಸು, ನ್ಯಾಯಾಲಯ, ಪರಿಹಾರದ ಹಣ, ಬುಲ್ಡೋಜರು ಎಲ್ಲವೂ ಬೇಕಾಗುತ್ತವೆ.