ಸುಳ್ಳಿನ ಮೂಲಕ ರಾಜಿ
ಅಣ್ಣತಮ್ಮಂದಿರ ಬದುವಿನ ಜಗಳದ ಮಚ್ಚಿನೇಟಿನ ಕೇಸೊಂದು ಈ ವಾರ ತಾಲ್ಲೂಕು ಕೋರ್ಟಿನಲ್ಲಿ ಬಿದ್ದುಹೋಯಿತು. ಹೊಲಿಗೆ ಹಾಕಿಸಿಕೊಂಡಿದ್ದ ಅಣ್ಣನೇ ‘ಯಾರು ಹೊಡೆದರೋ ಕಾಣೆ ಸ್ವಾಮಿ’ ಎಂದ, ಪಂಚರು ‘ಸ್ಟೇಷನ್ನಿನಲ್ಲಿ ಸಹಿ ಹಾಕಿದ್ದಷ್ಟೇ’ ಎಂದರು, ಆರೋಪಿ ತಮ್ಮ ಖುಲಾಸೆಯಾದ. ಸಾಕ್ಷಿ ಉಲ್ಟಾ ಹೊಡೆಯಿತೆಂದು ಮೂಗು ಮುರಿಯುವ ಮೊದಲು ಕಾನೂನನ್ನು ನೋಡಿ. 2024ರವರೆಗಿನ ಐಪಿಸಿಯಲ್ಲಿ ಬರಿಗೈಯಲ್ಲಿ ಹೊಡೆದರೆ 323, ರಾಜಿಯಾಗಬಹುದು. ಆಯುಧ ಹಿಡಿದರೆ 324. ಒಂದು ಕಾಲಕ್ಕೆ ಕೋರ್ಟಿನ ಅನುಮತಿ ಪಡೆದು ಅದರಲ್ಲೂ ರಾಜಿಯಾಗಬಹುದಿತ್ತು, ಆಮೇಲೆ ತಿದ್ದುಪಡಿ ಆ ಬಾಗಿಲು ಮುಚ್ಚಿತು. 2024ರಲ್ಲಿ ಜಾರಿಯಾದ ಹೊಸ ಸಂಹಿತೆಗಳೂ ತೆರೆಯಲಿಲ್ಲ. ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸಬಹುದು. ಆದರೆ ಆ ಖರ್ಚಿಗೆ ಬದುವಿನ ಜೊತೆ ಹೊಲವನ್ನೂ ಮಾರಬೇಕು. ಹಾಗಾಗಿ ಮನೆಯಲ್ಲಿ ಒಂದಾದವರು ಕಟಕಟೆಯಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳುತ್ತಾರೆ. ಬಲಾಢ್ಯರ ಬೆದರಿಕೆಗೆ ಬಗ್ಗಿದ ಬಡವನೂ ಅದೇ ಮಾತು ಹೇಳುತ್ತಾನೆ. ಎರಡನ್ನೂ ಬೇರ್ಪಡಿಸಲು ನ್ಯಾಯಾಧೀಶರಿಗೆ ದಾರಿಯಿಲ್ಲ. ಅವರೆದುರೇ ವಿಚಾರಿಸಿ ಮಾಡುವ ರಾಜಿ ಇದಕ್ಕಿಂತ ಮೇಲು.